ಹಿರಿಯೂರಿನ ಚರಿತ್ರೆ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರು, ಬೆಂಗಳೂರಿನಿಂದ ಫೋನ್ ಮಾಡುವ ನಮ್ಮೂರ ಹುಡುಗರು, ಶಾಲೆಯ ಪ್ರಾಜೆಕ್ಟ್ ಬರೆಯಲು ಬರುವ ಮಕ್ಕಳು, ಪತ್ರ ಬರೆಯುವ ನಿವೃತ್ತ ಮೇಷ್ಟ್ರು ಎಲ್ಲರೂ ತಿರುಗಿ ತಿರುಗಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೊದಲು ಸುಲಭವಾದವು, ಆಮೇಲೆ ತೊಡಕಿನವು. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಊರು ಮತ್ತು ಹೆಸರು

ಹಿರಿಯೂರು ಅಂದ್ರೆ ಹಿರಿಯ ಊರು ಅಂತಾನಾ, ಇಲ್ಲ ಬೇರೆ ಕಥೆ ಐತಾ?

ಹೌದು, ಹಿರಿಯ ಊರು ಅಂತಲೇ. ಸುತ್ತಲಿನ ಹಳ್ಳಿಗಳಿಗೆ ದೊಡ್ಡದು, ಮುಂಚಿನದು ಎಂಬ ಅರ್ಥ. ವೇದಾವತಿ ನದಿಯ ದಡದಲ್ಲಿರುವುದರಿಂದ ಸುತ್ತ ಮಳೆ ಕೈಕೊಟ್ಟ ವರ್ಷವೂ ಇಲ್ಲಿ ಹೊಳೆಯ ಮರಳು ಬಗೆದರೆ ನೀರು ಸಿಗುತ್ತಿತ್ತು. ಬಯಲುಸೀಮೆಯಲ್ಲಿ ಒಂದು ಊರು ಹಿರಿಯದಾಗಲು ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನೀವು ದಾವಣಗೆರೆ ಜಿಲ್ಲೆನಾ, ಚಿತ್ರದುರ್ಗನಾ?

ಚಿತ್ರದುರ್ಗ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಮ್ಮ ಜಿಲ್ಲೆಯಿಂದ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಆ ಕಡೆ ಹೋದವು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಚಳ್ಳಕೆರೆ, ಮೊಳಕಾಲ್ಮೂರು ಈ ಕಡೆ ಉಳಿದವು. ಹಿರಿಯೂರು ತಾಲ್ಲೂಕಿಗೆ ನಾಲ್ಕು ಹೋಬಳಿ: ಕಸಬಾ, ಐಮಂಗಲ, ಧರ್ಮಪುರ, ಜವನಗೊಂಡನಹಳ್ಳಿ. ಈ ನಾಲ್ಕು ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ನೀರಿನ ಮಾತು ಬಂದಾಗ ಬೇಕಾಗುತ್ತವೆ.

ಬಸ್ಸಲ್ಲಿ ಹೋಗುವಾಗ ಹೈವೇ ಮಾತ್ರ ಕಾಣ್ತದೆ. ಊರೊಳಗೆ ನೋಡುವಂಥ ಹಳೇದು ಏನೈತೆ?

ತೇರುಮಲ್ಲೇಶ್ವರ ದೇವಸ್ಥಾನ. ಒಳಗೆ ಹೋದವರು ದೇವರಿಗೆ ಕೈ ಮುಗಿದು ಹಾಗೇ ಹೊರಗೆ ಬಂದುಬಿಡುತ್ತಾರೆ. ದಯವಿಟ್ಟು ಮಂಟಪದಲ್ಲಿ ನಿಂತು ಒಮ್ಮೆ ಕತ್ತೆತ್ತಿ ನೋಡಿ. ಚಾವಣಿಯ ಮೇಲೆ ಶಿವನ ಕಥೆಗಳು, ರಾಮಾಯಣ, ಮಹಾಭಾರತದ ಚಿತ್ರಗಳಿವೆ. ಬಣ್ಣ ಮಾಸಿದೆ, ಕೆಲವು ಕಡೆ ಉದುರಿದೆ, ಆದರೂ ಮುಖಗಳು ಉಳಿದಿವೆ. ಓದು ಬಾರದ ರೈತರು ಜಾತ್ರೆಗೆ ಬಂದಾಗ ಪುರಾಣವನ್ನು ಈ ಚಾವಣಿಯಲ್ಲಿ ಓದಿಕೊಳ್ಳುತ್ತಿದ್ದರು. ಮಾಘ ಮಾಸದಲ್ಲಿ ತೇರು ಎಳೆಯುತ್ತಾರೆ. ಆಗ ಬಂದರೆ ತಾಲ್ಲೂಕಿನ ನಾಲ್ಕೂ ಹೋಬಳಿಯ ಜನ ಒಂದೇ ಬೀದಿಯಲ್ಲಿ ಸಿಗುತ್ತಾರೆ.

ಇಲ್ಲಿ ಯಾವ ರಾಜ ಆಳಿದ?

ಹಿರಿಯೂರು ಯಾವ ದೊಡ್ಡ ರಾಜನ ರಾಜಧಾನಿಯೂ ಆಗಿರಲಿಲ್ಲ. ಅದೇ ಇದರ ಪಾಡು. ಉತ್ತರಕ್ಕೆ ಚಿತ್ರದುರ್ಗದ ಕೋಟೆ, ದಕ್ಷಿಣಕ್ಕೆ ಶಿರಾ. 1687ರಲ್ಲಿ ಮೊಗಲರು ಶಿರಾದಲ್ಲಿ ಸುಬೇದಾರರನ್ನು ಕೂರಿಸಿದರು. ಚಿತ್ರದುರ್ಗದಲ್ಲಿ ನಾಯಕರಿದ್ದರು. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದ. ಈ ಎರಡು ಕೋಟೆಗಳ ನಡುವಿನ ದಾರಿಯಲ್ಲಿ ನಮ್ಮೂರು ಬೀಳುತ್ತದೆ. ದಂಡು ಯಾವ ಕಡೆಯಿಂದ ಬಂದರೂ ಅದರ ಎತ್ತು, ಕುದುರೆಗಳಿಗೆ ಮೇವು ನೀರು ಬೇಕು. ನೀರಿದ್ದದ್ದು ವೇದಾವತಿ ದಡದಲ್ಲಿ.

ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಬೇಸಾಯವನ್ನು ನೋಡಿ ಬರೆಯಲು ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. ಅವನು 1801ರಲ್ಲಿ ಬಿದನೂರಿನ ನಗರ, ಇಕ್ಕೇರಿ, ಚಿತ್ರದುರ್ಗ ದಾಟಿ ಹಿರಿಯೂರಿಗೆ ಬಂದು, ಇಲ್ಲಿಂದ ಶ್ರೀರಂಗಪಟ್ಟಣದ ಕಡೆ ತಿರುಗಿದ. ಹೆದ್ದಾರಿ ಬರುವುದಕ್ಕೆ ಎಷ್ಟೋ ಕಾಲ ಮುಂಚೆಯೇ ಇದು ದಾರಿ ಕವಲೊಡೆಯುವ ಊರಾಗಿತ್ತು. ಈಗಲೂ ಬೆಂಗಳೂರು, ಚಿತ್ರದುರ್ಗ, ಚಳ್ಳಕೆರೆ, ಹುಳಿಯಾರು ದಾರಿಗಳು ಸೇರುವುದು ಇಲ್ಲೇ.

ಡ್ಯಾಂ ಬರೋಕೆ ಮುಂಚೆ ನಮ್ಮೋರು ಏನು ಬೆಳೀತಿದ್ರು?

ಮಳೆ ಕೊಟ್ಟಷ್ಟು. ಕೆಂಪು ಮಸಾರಿಯಲ್ಲಿ ರಾಗಿ, ಸಾವೆ, ನವಣೆ, ಹುರುಳಿ. ಎರೆ ಹೊಲದಲ್ಲಿ ಜೋಳ, ಹತ್ತಿ. ಕೆರೆ ಹಿಂದೆ ಒಂದಷ್ಟು ಭತ್ತ. ಬೆಳೆದದ್ದನ್ನು ಹಗೇವಿಗೆ ಸುರಿದು ಬಾಯಿ ಮುಚ್ಚುತ್ತಿದ್ದರು. ಹಗೇವು ಅಂದರೆ ನೆಲದೊಳಗೆ ತೋಡಿದ ಧಾನ್ಯದ ಗುಂಡಿ. ಸಾಲಾಗಿ ಎರಡು ವರ್ಷ ಮಳೆ ಹೋದರೂ ಒಳಗಿನ ರಾಗಿ ಕೆಡುವುದಿಲ್ಲ. ಈ ಪದವನ್ನು ಇಲ್ಲಿ ಬೇಕೆಂದೇ ತಂದಿದ್ದೇನೆ. ಮುಂದೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟೆಯ ಲೆಕ್ಕಾಚಾರ ಹಗೇವಿನ ಲೆಕ್ಕಾಚಾರವೇ.

ಬೇಸಾಯದಷ್ಟೇ ದನ, ಕುರಿ ಸಾಕಣೆಯೂ ಇತ್ತು. ಕಾಡುಗೊಲ್ಲರ ಹಟ್ಟಿಗಳು ಇವತ್ತಿಗೂ ತಾಲ್ಲೂಕಿನ ತುಂಬ ಇವೆ. ಹಟ್ಟಿಯ ಮಂದಿ ಜುಂಜಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ದನ ಕಾಯುವವನೇ ದೇವರಾದ ಕಥೆ ಅದು. ಈ ಸೀಮೆಯ ಚರಿತ್ರೆ ಕಲ್ಲಿನ ಶಾಸನಗಳಲ್ಲಿ ಎಷ್ಟಿದೆಯೋ ಅಷ್ಟೇ ಆ ಹಾಡುಗಳಲ್ಲೂ ಇದೆ.

## ಕಣಿವೆ ಕಟ್ಟಿದ ಕಾಲ

ಇಷ್ಟು ಒಣ ಜಾಗದಲ್ಲಿ ಅಷ್ಟು ದೊಡ್ಡ ಡ್ಯಾಂ ಯಾಕೆ ಕಟ್ಟಿದ್ರು?

ಒಣ ಜಾಗ ಅಂತಲೇ ಕಟ್ಟಿದರು. 1876ರಿಂದ 1878ರವರೆಗೆ ಮೈಸೂರು ಸೀಮೆಗೆ ಬಂದ ಬರವನ್ನು ಹಳಬರು ಧಾತು ಈಶ್ವರ ಬರ ಅನ್ನುತ್ತಾರೆ. ಧಾತು, ಈಶ್ವರ ಎರಡು ಸಂವತ್ಸರಗಳ ಹೆಸರು. 1871ರ ಜನಗಣತಿಯಲ್ಲಿ ಸಂಸ್ಥಾನದಲ್ಲಿ 50 ಲಕ್ಷಕ್ಕೂ ಸ್ವಲ್ಪ ಹೆಚ್ಚು ಜನ. 1881ರಲ್ಲಿ ಎಣಿಸಿದಾಗ ಸಿಕ್ಕವರು 42 ಲಕ್ಷದಷ್ಟು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿದ್ದ ಕಡೆ ಎಂಟು ಲಕ್ಷಕ್ಕೂ ಹೆಚ್ಚು ಮಂದಿ ಕಡಿಮೆಯಾಗಿದ್ದರು. ಈ ಎರಡು ಅಂಕಿಗಳನ್ನು ನೋಡಿದಾಗಲೆಲ್ಲ ನನಗೆ ಬೇರೆ ವಿವರಣೆ ಬೇಕೆನಿಸುವುದಿಲ್ಲ.

1883ರಲ್ಲಿ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಕಣ್ಣಮುಂದೆ ಆ ಬರ ಇತ್ತು. ವೇದಾವತಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ನುಗ್ಗುವ ಜಾಗ ನಮ್ಮೂರಿಗೆ ಹತ್ತಿರದಲ್ಲೇ ಇದೆ. ಅಲ್ಲಿ ಸುಮಾರು 1,330 ಅಡಿ ಉದ್ದದ ಗೋಡೆ ಎಬ್ಬಿಸಿದರೆ ಹಿಂದೆ ಸಮುದ್ರದಂತೆ ನೀರು ನಿಲ್ಲುತ್ತದೆ. 1898ರಲ್ಲಿ ಕೆಲಸ ಶುರುವಾಗಿ 1907ಕ್ಕೆ ಮುಗಿಯಿತು. ಕಲ್ಲು ಮತ್ತು ಗಾರೆಯ ಕಟ್ಟಡ. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಗುವ ಹೊತ್ತಿಗೆ ಮೈಸೂರಿನವರು ಇಲ್ಲಿ ಕೈ ಪಳಗಿಸಿಕೊಂಡಾಗಿತ್ತು. ಶೇಷಾದ್ರಿ ಅಯ್ಯರ್ ಮಾತ್ರ 1901ರಲ್ಲೇ ತೀರಿಕೊಂಡರು. ತುಂಬಿದ ನೀರನ್ನು ಅವರು ನೋಡಲಿಲ್ಲ.

ಮಾರಿಕಣಿವೆ, ವಾಣಿವಿಲಾಸ ಸಾಗರ, ವಿ.ವಿ. ಸಾಗರ: ಮೂರೂ ಒಂದೇನಾ?

ಒಂದೇ. ಕಣಿವೆ ಮಾರಮ್ಮನ ಜಾಗವಾದ್ದರಿಂದ ಮಾರಿಕಣಿವೆ. ಕಟ್ಟಲು ಶುರು ಮಾಡಿದಾಗ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. 1895ರಿಂದ 1902ರವರೆಗೆ ಅವರ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ನಡೆಸಿದರು. ಅವರ ಹೆಸರು ಸಾಗರಕ್ಕೆ ಬಂತು. ಹಳ್ಳಿಯಲ್ಲಿ ವಯಸ್ಸಾದವರ ಬಾಯಲ್ಲಿ ಬರುವುದು ಇನ್ನೂ ‘ಕಣಿವೆ’ಯೇ.

ಯಾರು ಸಿಕ್ಕರೂ ‘ಎಷ್ಟಡಿ ಐತೆ’ ಅಂತ ಯಾಕೆ ಕೇಳ್ತಾರೆ?

ಇದು ಕ್ಷೇಮ ವಿಚಾರಿಸುವ ಮಾತು. ಬೆಂಗಳೂರಿನಲ್ಲಿರುವ ಮಗ ಅಪ್ಪನಿಗೆ ಫೋನ್ ಮಾಡಿದರೆ, ಊಟ ಆಯ್ತಾ ಎಂಬ ಮಾತಿನ ಹಿಂದೆಯೇ ‘ಡ್ಯಾಂ ಎಷ್ಟಡಿ’ ಬರುತ್ತದೆ. 130 ಅಡಿಗೆ ತುಂಬಿತು ಅಂತ ಲೆಕ್ಕ. ಅದಕ್ಕೆ ಮೇಲೆ ಬಂದ ನೀರು ಕೋಡಿ ಬೀಳುತ್ತದೆ. ತೆರೆದು ಮುಚ್ಚುವ ಗೇಟು ಈ ಕೋಡಿಗೆ ಇಲ್ಲ. ನೀರು ತಾನಾಗಿ ಹರಿದು ಹೊಳೆ ಸೇರುತ್ತದೆ. ಕೆಳಗೆ 60 ಅಡಿಯ ಆಸುಪಾಸಿಗೆ ಇಳಿದರೆ ನಾಲೆಗೆ ಬಿಡುವ ನೀರು ಮುಗಿದಂತೆ, ಉಳಿದದ್ದು ತಳದ ನೀರು.

ನಮ್ಮೂರಿನ ಚರಿತ್ರೆಯನ್ನು ರಾಜರ ಹೆಸರಿನಲ್ಲಿ ಬರೆಯುವುದಕ್ಕಿಂತ ಈ ಅಡಿಗಳಲ್ಲಿ ಬರೆಯಬೇಕು ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ನೂರು ಅಡಿ ದಾಟಿದ ವರ್ಷ ಮನೆಗೆ ಹಂಚು ಹೊದಿಸುತ್ತಾರೆ, ಮಗಳ ಮದುವೆ ಮಾಡುತ್ತಾರೆ. ಎಂಬತ್ತಕ್ಕೆ ಇಳಿದ ವರ್ಷ ಸಾಲ ಎತ್ತುತ್ತಾರೆ. ಅರವತ್ತರ ಹತ್ತಿರ ಬಂದ ವರ್ಷ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ.

1933ರಲ್ಲಿ ತುಂಬಿದ್ದು ಮತ್ತೆ ತುಂಬೋಕೆ 89 ವರ್ಷ ಬೇಕಾಯ್ತಾ? ಲೆಕ್ಕ ತಪ್ಪಿ ಕಟ್ಟಿದ್ರಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಕಟ್ಟಿದವರ ಮೇಲೆ ಸಣ್ಣ ದೂರು ಇರುತ್ತದೆ. ಆ ದೂರು ಸರಿಯಲ್ಲ.

ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ. ಮೂರನೆಯ ಸಲ 2025ರ ಜನವರಿಯಲ್ಲಿ. ಸಾಗರದ ಹೊಟ್ಟೆ 30.42 ಟಿಎಂಸಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ವೇದಾವತಿ ಒಂದು ಮಳೆಗಾಲದಲ್ಲಿ ಸಾಮಾನ್ಯವಾಗಿ ತರುವ ನೀರು ಇದರ ಸಣ್ಣ ಪಾಲು ಮಾತ್ರ. ಹಾಗಾದರೆ ಅಷ್ಟು ದೊಡ್ಡ ಹೊಟ್ಟೆ ಯಾಕೆ? ಹತ್ತಾರು ವರ್ಷಕ್ಕೊಮ್ಮೆ ಬರುವ ದೊಡ್ಡ ನೀರನ್ನು ಹಿಡಿದಿಟ್ಟುಕೊಂಡು ಬರಗಾಲದ ವರ್ಷಗಳಲ್ಲಿ ತೆಗೆದು ತೆಗೆದು ಕೊಡಲು. ಹಗೇವು ಅಂದೆನಲ್ಲ, ಅದೇ. ಹಗೇವು ಪ್ರತಿ ವರ್ಷ ಬಾಯಿಮಟ್ಟ ತುಂಬಲಿಲ್ಲ ಅಂತ ತೋಡಿದವನನ್ನು ಯಾರೂ ಬೈಯುವುದಿಲ್ಲ.

ಇನ್ನೊಂದು ಕಾರಣ ಮೇಲಿನ ಸೀಮೆಯಲ್ಲಿದೆ. ವೇದಾ, ಅವತಿ ಎಂಬ ಎರಡು ಹೊಳೆಗಳು ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬಂದು ಕಡೂರಿನ ಬಳಿ ಸೇರಿ ವೇದಾವತಿ ಆಗುತ್ತವೆ. ಸೇರುವುದಕ್ಕೆ ಮುಂಚೆಯೇ ವೇದಾ ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿಸಬೇಕು, ಅವತಿ ಮದಗದ ಕೆರೆಯನ್ನು ತುಂಬಿಸಬೇಕು. ಅಲ್ಲಿಂದ ಕೆಳಗೆ ನೂರಾರು ಸಣ್ಣ ಕೆರೆಗಳು. ಇತ್ತೀಚೆಗೆ ಹಳ್ಳಹಳ್ಳಕ್ಕೂ ಚೆಕ್ ಡ್ಯಾಂ, ಹೊಲಹೊಲಕ್ಕೂ ಬೋರ್‌ವೆಲ್. ಐದು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ಜಲಾನಯನವಿದ್ದರೂ ಅಷ್ಟೂ ಬಾಯಿಗಳಿಗೆ ಕುಡಿಸಿ ಉಳಿದದ್ದೇ ನಮಗೆ.

2022ರಲ್ಲಿ ತುಂಬಿದ್ದು ಬರೀ ಮಳೆಯಿಂದಲ್ಲ. 2019ರಿಂದ ಭದ್ರಾ ನೀರನ್ನು ಪಂಪ್ ಮಾಡಿ ವೇದಾವತಿಗೆ ಬಿಡುತ್ತಿದ್ದರಿಂದ ಮಟ್ಟ ಮೊದಲೇ ಮೇಲೆ ಬಂದಿತ್ತು. ಅದರ ಮೇಲೆ ಆ ವರ್ಷದ ಭಾರೀ ಮಳೆ ಬಿತ್ತು. ಕೋಡಿ ಬಿದ್ದ ದಿನಗಳಲ್ಲಿ ಅಜ್ಜ ಅಜ್ಜಿಯರನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದ ಮೊಮ್ಮಕ್ಕಳು ಎಷ್ಟೋ ಮಂದಿ. ಹುಟ್ಟಿದಾಗಿನಿಂದ ಕಣಿವೆಯ ನೀರು ಕುಡಿದು ಎಂಬತ್ತು ದಾಟಿದವರು ಕೋಡಿಯ ನೀರನ್ನು ಮೊದಲ ಸಲ ಕಂಡರು.

ಡ್ಯಾಂ ಭಾರತದ ನಕ್ಷೆ ತರಾ ಕಾಣ್ತದೆ ಅಂತಾರಲ್ಲ, ನಿಜಾನಾ?

ಗುಡ್ಡದ ಮೇಲಿನಿಂದ ನೋಡಿದರೆ ಹಿನ್ನೀರಿನ ಅಂಚು ಹಾಗೆ ಕಾಣುತ್ತದೆ. ನೀರಿನ ಮಟ್ಟ ಏರಿ ಇಳಿದಂತೆ ನಕ್ಷೆಯೂ ಬದಲಾಗುತ್ತದೆ.

## ನಾಲೆ, ಅಚ್ಚುಕಟ್ಟು, ಜಗಳ

ನಾಲೆ ಬಂದ ಮೇಲೆ ಊರು ಹೇಗೆ ಬದಲಾಯ್ತು?

ಎಡನಾಲೆ, ಬಲನಾಲೆಗಳಿಂದ ಸುಮಾರು 30 ಸಾವಿರ ಎಕರೆ ಅಚ್ಚುಕಟ್ಟಾಯಿತು. ಅಚ್ಚುಕಟ್ಟು ಅಂದರೆ ನಾಲೆಯ ನೀರು ಹಾಯುವ ಜಮೀನು. ಸಾವೆ, ನವಣೆ ತಿನ್ನುತ್ತಿದ್ದ ಮನೆಗಳಲ್ಲಿ ಅಕ್ಕಿ ಬೇಯತೊಡಗಿತು. ಭತ್ತದ ಹಿಂದೆ ಕಬ್ಬು ಬಂತು. ಕಬ್ಬಿನ ಹಿಂದೆ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು. ಆಮೇಲೆ ನೀರು ಕಡಿಮೆಯಾಗಿ ಕಬ್ಬು ಕಡಿಮೆಯಾಯಿತು, ಕಾರ್ಖಾನೆ ಬಾಗಿಲು ಹಾಕಿತು. ಅದನ್ನು ಮತ್ತೆ ತೆರೆಸುತ್ತೇವೆ ಎಂಬ ಮಾತನ್ನು ನಮ್ಮ ಜನ ಎಷ್ಟೋ ಚುನಾವಣೆಗಳಲ್ಲಿ ಕೇಳಿದ್ದಾರೆ.

ಬಬ್ಬೂರು ಫಾರಂ ಹೆಸರನ್ನೂ ಹೇಳಬೇಕು. ಒಣ ಬೇಸಾಯದ ತಳಿಗಳನ್ನು ಪರೀಕ್ಷಿಸುವ ಸಂಶೋಧನಾ ಕೇಂದ್ರ, ತೋಟಗಾರಿಕೆ ಕಾಲೇಜು ಎರಡೂ ಅಲ್ಲಿವೆ. ಅಚ್ಚುಕಟ್ಟಿನ ಆಚೆ ಶೇಂಗಾ, ಈರುಳ್ಳಿ, ದಾಳಿಂಬೆ. ಒಳಗೆ ತೆಂಗು, ಅಡಿಕೆ, ಬಾಳೆ. ಅಡಿಕೆ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕಳೆದ ದಶಕದ ಬರದಲ್ಲಿ ಟ್ಯಾಂಕರ್ ನೀರು ಹಾಕಿಯೂ ಉಳಿಸಿಕೊಳ್ಳಲಾಗದೆ ತೋಟಗಳಿಗೆ ಕೊಡಲಿ ಹಾಕಿದವರು ಇಲ್ಲೇ ಇದ್ದಾರೆ. ಸಾಗರ ತುಂಬಿದ ಖುಷಿಯಲ್ಲಿ ಅದನ್ನು ಮರೆತು ಮಳೆಯನ್ನೇ ನಂಬಿದ ಬೆದ್ದಲು ಹೊಲಕ್ಕೆಲ್ಲ ಅಡಿಕೆ ಸಸಿ ಇಡುತ್ತಿರುವುದನ್ನು ನೋಡಿದರೆ ಹೆದರಿಕೆಯಾಗುತ್ತದೆ.

ಡ್ಯಾಂ ನಮ್ಮ ತಾಲ್ಲೂಕಲ್ಲೇ ಐತೆ. ನಮ್ಮ ಹಳ್ಳಿಗೆ ಮಾತ್ರ ನೀರು ಯಾಕೆ ಇಲ್ಲ?

ನಾಲೆಯ ನೀರು ಇಳಿಜಾರಿನಲ್ಲಿ ಮಾತ್ರ ಹೋಗುತ್ತದೆ. ತೂಬಿನ ಮಟ್ಟಕ್ಕಿಂತ ಎತ್ತರದ ಹೊಲಕ್ಕೆ ಅದು ಹತ್ತದು. ಹಾಗಾಗಿ ಅಚ್ಚುಕಟ್ಟು ನದಿಯ ಎರಡೂ ಕಡೆಯ ಪಟ್ಟಿಯಲ್ಲಿ ಉಳಿಯಿತು. ಧರ್ಮಪುರ, ಜವನಗೊಂಡನಹಳ್ಳಿ, ಐಮಂಗಲ ಹೋಬಳಿಗಳ ಬಹುಪಾಲು ಹಳ್ಳಿಗಳು ಹೊರಗೇ ಉಳಿದವು. ಒಂದೇ ತಾಲ್ಲೂಕಿನಲ್ಲಿ ಎರಡು ಬಗೆಯ ಬದುಕು ಹೀಗೆ ಶುರುವಾಯಿತು. ಗದ್ದೆ ಕಡೆಯವರು, ಬೆದ್ದಲು ಕಡೆಯವರು ಅಂತ ಹೆಣ್ಣು ಕೊಡುವಾಗಲೂ ಲೆಕ್ಕ ಹಾಕುವಷ್ಟು.

ಧರ್ಮಪುರದ ಕೆರೆಗೆ ನೀರು ತರಬೇಕು ಎಂಬ ಬೇಡಿಕೆ ತಲೆಮಾರುಗಳದ್ದು. ಅಪ್ಪ ಧರಣಿ ಕೂತ ಜಾಗದಲ್ಲೇ ಮಗನೂ ಕೂತಿದ್ದಾನೆ. ಎಂಜಿನಿಯರುಗಳು ಎತ್ತರದ ಲೆಕ್ಕ ಹೇಳುತ್ತಿದ್ದಾಗ ಪಂಪ್ ಇಲ್ಲದ ಕಾಲವಾಗಿತ್ತು. ಈಗ ನೂರಾರು ಅಡಿ ನೀರೆತ್ತುವ ಕಾಲ. ಇವತ್ತು ಎತ್ತರವನ್ನು ಕಾರಣ ಹೇಳುವುದು ನ್ಯಾಯವಲ್ಲ.

ಅಚ್ಚುಕಟ್ಟಿನ ಒಳಗೂ ಸಂಕಟವಿದೆ. ನಾಲೆಯ ತಲೆಯಲ್ಲಿರುವವರು ಎರಡು ಪಟ್ಟು ಹಾಯಿಸಿಕೊಂಡರೆ ಕೊನೆಯವರ ತೂಬು ಒಣಗುತ್ತದೆ. ಸರದಿಯಂತೆ ನೀರು ಬಿಡುವ ನೀರಗಂಟಿಯ ಮಾತಿಗೆ ಬೆಲೆ ಇದ್ದಾಗ ರಾತ್ರಿ ಪಾಳಿ, ಹಗಲು ಪಾಳಿ ಸರಿಯಾಗಿ ನಡೆಯುತ್ತಿತ್ತು ಎಂದು ಹಳಬರು ಹೇಳುತ್ತಾರೆ. ಇದರ ಜೊತೆಗೆ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಪಟ್ಟಣಗಳ ಕುಡಿಯುವ ನೀರು, ಕುದಾಪುರದ ಕಡೆಯ ವಿಜ್ಞಾನ ಸಂಸ್ಥೆಗಳ ನೀರು ಎಲ್ಲವೂ ಈ ಸಾಗರದ್ದೇ.

ಹೊಸದುರ್ಗದವರು ಕೋಡಿ ಎತ್ತರ ತಗ್ಗಿಸಿ ಅಂತಾರೆ, ಹಿರಿಯೂರಿನವರು ಬೇಡ ಅಂತಾರೆ. ಯಾರು ಸರಿ?

ಇಬ್ಬರ ನೋವೂ ನಿಜ. ಸಾಗರದ ಹಿನ್ನೀರು ಹೊಸದುರ್ಗ ತಾಲ್ಲೂಕಿಗೆ ಚಾಚುತ್ತದೆ. 89 ವರ್ಷ ನೀರು ಬಾರದ ನೆಲದ ಅಂಚಿನಲ್ಲಿ ಜನ ತೋಟ ಮಾಡಿದರು, ಮನೆ ಕಟ್ಟಿದರು, ರಸ್ತೆ ಹಾಕಿದರು. 2022ರಲ್ಲಿ ನೀರು ಬಂದಾಗ ತೆಂಗು, ಅಡಿಕೆ ತೋಟಗಳು ಮುಳುಗಿದವು. ಅವರಿಗೆ ಆದದ್ದು ಸಣ್ಣ ನಷ್ಟವಲ್ಲ. ಆದರೆ ಕೋಡಿಯನ್ನು ತಗ್ಗಿಸಿದರೆ ಕಡಿಮೆಯಾಗುವುದು ಮೇಲಿನ ಅಡಿಗಳ ನೀರು. ನೀರು ಅತಿ ಅಗಲವಾಗಿ ಹರಡುವುದು ಅಲ್ಲೇ. ಹಾಗಾಗಿ ಮೇಲಿನ ಒಂದು ಅಡಿಯಲ್ಲಿ ನಿಲ್ಲುವಷ್ಟು ನೀರು ತಳದ ಹತ್ತು ಅಡಿಯಲ್ಲೂ ನಿಲ್ಲದು. ಬರಗಾಲಕ್ಕೆ ಅಂತ ಕಟ್ಟಿದ್ದನ್ನು ತಗ್ಗಿಸಬಾರದು, ಮುಳುಗಿದವರಿಗೆ ಸರಿಯಾದ ಪರಿಹಾರವನ್ನು ತಡಮಾಡದೆ ಕೊಡಬೇಕು ಎಂಬುದು ನನ್ನ ನಿಲುವು. ಹೊಸದುರ್ಗದ ನೆಂಟರ ಮುಂದೆಯೂ ಇದನ್ನೇ ಹೇಳುತ್ತೇನೆ.

ಭದ್ರಾ ಮೇಲ್ದಂಡೆ ಬಂದರೆ ಕಷ್ಟ ಎಲ್ಲ ಮುಗೀತದಾ?

ತುಂಗಾದಿಂದ 17.40 ಟಿಎಂಸಿಯನ್ನು ಭದ್ರಾಕ್ಕೆ ಎತ್ತಿ, ಭದ್ರಾದಿಂದ ಒಟ್ಟು 29.90 ಟಿಎಂಸಿಯನ್ನು ಅಜ್ಜಂಪುರದ ಸುರಂಗದ ಮೂಲಕ ಈ ಕಡೆ ತರುವ ಯೋಜನೆ ಅದು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ನೀರು, 367 ಕೆರೆಗಳಿಗೆ ಅರ್ಧದಷ್ಟು ನೀರು ತುಂಬಿಸುವುದು ಗುರಿ. ಕೇಂದ್ರದ 2023ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ವಾಣಿವಿಲಾಸ ಸಾಗರಕ್ಕೆ ಹಂಚಿಕೆಯಾದದ್ದು 2 ಟಿಎಂಸಿ. 5 ಬೇಕು ಎಂದು ಇಲ್ಲಿನ ರೈತರು ಹೋರಾಡುತ್ತಲೇ ಇದ್ದಾರೆ. ತುಂಬಿದಾಗ ಸಾಗರದಲ್ಲಿ ನಿಲ್ಲುವ 30 ಟಿಎಂಸಿಯ ಪಕ್ಕದಲ್ಲಿ 2 ಎಷ್ಟು ಎಂಬುದನ್ನು ನೀವೇ ನೋಡಿ.

## ಹುಡುಕುವವರಿಗೆ

ನಮ್ಮ ತಾತನ ಜಮೀನು ಯಾವುದು, ಎಲ್ಲಿಂದ ಬಂದೋರು ನಾವು ಅಂತ ತಿಳ್ಕೊಳ್ಳೋದು ಹೇಗೆ?

ಈಗಿನ ಪಹಣಿಯಿಂದ ಹಿಂದಕ್ಕೆ ನಡೆಯಿರಿ. ಸರ್ವೆ ನಂಬರ್ ಹಿಡಿದು ಮೊದಲು ಮ್ಯುಟೇಷನ್ (ಖಾತೆ ಬದಲಾವಣೆಯ ದಾಖಲೆ), ಆಮೇಲೆ ಕೈಬರಹದ ಪಹಣಿ, ಅದಕ್ಕೂ ಹಿಂದೆ ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕುದಾಖಲೆ) ಪುಸ್ತಕಗಳು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟರೆ ನಕಲು ಸಿಗುತ್ತದೆ. ಹೊಲದ ಹಳೆಯ ಗಡಿ ಬೇಕಿದ್ದರೆ ಸರ್ವೆ ಇಲಾಖೆಯ ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ನೋಡಿ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಾಗಿದ್ದವರು ಫಾರಂ 7 ಹಾಕಿ ಒಡೆಯರಾದರು. ನಿಮ್ಮ ಮನೆಯಲ್ಲಿ ಆ ಕಾಗದ ಇದ್ದರೆ ಅದಕ್ಕಿಂತ ದೊಡ್ಡ ಚರಿತ್ರೆ ಇನ್ನೊಂದಿಲ್ಲ. ಮಡಿಸಿದ ಗೆರೆಯಲ್ಲಿ ಹರಿಯುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ.

ಕಾಗದಕ್ಕೂ ಮುಂಚೆ ಮನೆದೇವರನ್ನು ಕೇಳಿ. ಹರಕೆ ತೀರಿಸಲು ನಿಮ್ಮ ಮನೆಯವರು ವದ್ದಿಕೆರೆ ಸಿದ್ದಪ್ಪನಿಗೆ ಹೋಗುತ್ತಾರಾ, ಗಡಿ ದಾಟಿ ಆಂಧ್ರದ ಊರಿಗೆ ಹೋಗುತ್ತಾರಾ? ಧರ್ಮಪುರದ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವವರು ಬಹಳ. ವಲಸೆ ಬಂದ ದಾರಿ ಹೆಚ್ಚಾಗಿ ದೇವರ ದಾರಿಯಲ್ಲೇ ಸಿಗುತ್ತದೆ.

ರೈಲು ಯಾವಾಗ ಬರ್ತದೆ?

ತುಮಕೂರು–ದಾವಣಗೆರೆ ಹೊಸ ಮಾರ್ಗ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ಹಾದು ಹೋಗುತ್ತದೆ. ಸುಮಾರು 191 ಕಿಲೋಮೀಟರ್. ಕೆಲಸ ನಡೆಯುತ್ತಿದೆ.

ನಮ್ಮ ಹೊಲದಲ್ಲಿ ಅಕ್ಷರ ಇರೋ ಕಲ್ಲು ಸಿಕ್ಕೈತೆ. ಏನು ಮಾಡಲಿ?

ಮೊದಲು ಅಲ್ಲಿಂದ ಕದಲಿಸಬೇಡಿ. ಕಲ್ಲು ಎಲ್ಲಿ ನಿಂತಿದೆ ಎಂಬುದೂ ಅದು ಹೇಳುವ ಮಾತಿನ ಭಾಗವೇ: ಕೆರೆ ಏರಿ, ಹಳೆಯ ಊರ ಬಾಗಿಲು, ಗಡಿ. ಸುಣ್ಣ, ಪೇಂಟು ಬಳಿಯಬೇಡಿ. ನಮ್ಮ ತಾಲ್ಲೂಕಿನಲ್ಲಿ ಭಕ್ತಿಯಿಂದ ಬಳಿದ ಎಣ್ಣೆ ಬಣ್ಣಕ್ಕೆ ಎಷ್ಟೋ ವೀರಗಲ್ಲುಗಳ ಅಕ್ಷರ ಮುಚ್ಚಿಹೋಗಿವೆ. ನಿಧಿ ಇದೆ ಎಂದು ಬುಡ ಅಗೆಯುವವರಿಗೆ ಬಿಡಬೇಡಿ. ಅಲ್ಲಿ ಇರುವುದು ಒಬ್ಬ ಮನುಷ್ಯನ ನೆನಪು. ದನ ಬಿಡಿಸಿಕೊಳ್ಳಲು ಹೋಗಿ ಸತ್ತವನೋ, ಕೆರೆಗೆ ಭೂಮಿ ಬಿಟ್ಟವನೋ ಇರುತ್ತಾನೆ.

ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟದಲ್ಲಿ ತಾಲ್ಲೂಕುವಾರು ಜೋಡಿಸಿದ್ದಾರೆ. ನಿಮ್ಮ ಹಳ್ಳಿಯ ಹೆಸರು ಅಲ್ಲಿದೆಯೇ ನೋಡಿ. ಇಲ್ಲದಿದ್ದರೆ ಪುರಾತತ್ವ ಇಲಾಖೆಗೆ ತಿಳಿಸಿ. ಅದಕ್ಕೂ ಮುಂಚೆ ಕಲ್ಲಿನ ಮಣ್ಣನ್ನು ನೀರಿನಿಂದ, ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಬೆಳಿಗ್ಗೆ ಏಳರ ಸುಮಾರಿಗೆ, ಬಿಸಿಲು ಪಕ್ಕದಿಂದ ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ. ಮಧ್ಯಾಹ್ನ ಕಾಣದ ಅಕ್ಷರಗಳು ಆ ಹೊತ್ತಿಗೆ ಎದ್ದು ಕಾಣುತ್ತವೆ.